ಮುಚ್ಚಿದ ಜಿನ್ನಿಂಗ್ ಮಿಲ್ಲಿನಲ್ಲಿ ಕೂತವರನ್ನು ಬಿಡಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಗದಗ ಹತ್ತಿರದ ಒಂದು ಜಿನ್ನಿಂಗ್ ಮಿಲ್ ದಿವಾಳಿ ಪ್ರಕ್ರಿಯೆಯಲ್ಲಿದೆ. ಅದನ್ನು ನೋಡಿಕೊಳ್ಳುವ ರೆಸಲ್ಯೂಷನ್ ಪ್ರೊಫೆಷನಲ್ ಆಫೀಸಿನಲ್ಲಿ ನನ್ನ ಕೆಲಸ. ಗೋದಾಮಿನಲ್ಲಿ ಯಾರದ್ದೋ ಉಳ್ಳಾಗಡ್ಡಿ ಚೀಲ, ಕ್ವಾರ್ಟರ್ಸ್‌ನಲ್ಲಿ ಹಳೆ ಡೈರೆಕ್ಟರ್ ಸಂಬಂಧಿಕರು. ಕೇಳಿದರೆ "ಮೊರಟೋರಿಯಂ (ದಿವಾಳಿ ವೇಳೆಯ ಕಾನೂನು ತಡೆ) ಇದೆ, ನಮ್ಮನ್ನು ಮುಟ್ಟೋ ಹಾಗಿಲ್ಲ" ಅಂತಾರೆ.

ಹುಬ್ಬಳ್ಳಿಯಿಂದ: ಸರ್, ಮೊರಟೋರಿಯಂ ಕಂಪನಿಯ ಆಸ್ತಿ ಕಾಯೋಕೆ, ಅದರಲ್ಲಿ ಸುಮ್ನೆ ಬಂದು ಕೂತವರನ್ನು ಕಾಯೋಕಲ್ಲ. ದಿವಾಳಿ ಕಾಯ್ದೆಯ (ಐಬಿಸಿ) 14ನೇ ಕಲಂ ತಡೆಯೋದು ಕಂಪನಿ ಮೇಲಿನ ದಾವೆ, ವಸೂಲಿ ಇಂಥವನ್ನು. ಹೆದರಬೇಡಿ. ಮೊದಲು ಯಾರು ಯಾವ ಕಾಗದದ ಮೇಲೆ ಕೂತಿದ್ದಾರೆ ನೋಡಿ. ತಾರಿಹಾಳದ ಒಂದು ಶೆಡ್ಡಿನಲ್ಲಿ ನಮಗೆ ಒಬ್ಬರು ಹತ್ತು ವರ್ಷದ ಲೀಸ್ ಅಂತ ಪತ್ರ ತೋರಿಸಿದರು. ನೋಂದಣಿ ಆಗಿರಲಿಲ್ಲ, ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸಿಗೆ ಅದು ಕಡ್ಡಾಯ ಅಲ್ವಾ? ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದು ರೂಪಾಯಿ ಬಾಡಿಗೆಯೂ ಬಂದಿರಲಿಲ್ಲ. ಮಜಾ ಅಂದರೆ, ಇ-ಸ್ಟಾಂಪ್ ಮೇಲೆ ಅಚ್ಚಾದ ತಾರೀಕು ಪತ್ರದ ಸಹಿ ತಾರೀಕಿಗಿಂತ ಎಷ್ಟೋ ತಿಂಗಳು ಈಚಿನದು! ಅದರ ಜೊತೆ ಹೆಸ್ಕಾಂ ಬಿಲ್ಲು, ಉತಾರ ಇಟ್ಟ ಮೇಲೆ ಅವರ ವಕೀಲರು ಜಾಸ್ತಿ ಮಾತಾಡಲಿಲ್ಲ.

ಧಾರವಾಡದಿಂದ (ವಕೀಲೆ): ಡೈರೆಕ್ಟರ್ ಸಹಕರಿಸದಿದ್ದರೆ ಅದೇ ಕಾಯ್ದೆಯ ಕಲಂ 19(2), ಅವರ ಸಂಬಂಧಿಕರನ್ನೂ ಪಾರ್ಟಿ ಮಾಡಿ ಜೊತೆಗೆ ಕಲಂ 60(5), ಎರಡರಡಿ ಬೆಂಗಳೂರಿನ ಎನ್‌ಸಿಎಲ್‌ಟಿಗೆ (ಕಂಪನಿ ಕಾನೂನು ನ್ಯಾಯಮಂಡಳಿ) ಅರ್ಜಿ ಹಾಕಿ. ಅರ್ಜಿಯಲ್ಲೇ ಪೊಲೀಸ್ ನೆರವು ಕೇಳಿ, ಇಲ್ಲದಿದ್ದರೆ ಆದೇಶ ಕೈಲಿದ್ದರೂ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ಕೂರಿಸುತ್ತಾರೆ. ಆದರೆ ನಿಜವಾದ ಬಾಡಿಗೆದಾರ ಇದ್ದರೆ, ಅಥವಾ ಜಾಗದ ಹಕ್ಕಿನ ಜಗಳ ದಿವಾಳಿಗಿಂತ ಹಳೆಯದಾದರೆ, ಇದು ನಮ್ಮದಲ್ಲ ಅಂತ ಎನ್‌ಸಿಎಲ್‌ಟಿ ವಾಪಸ್ ಕಳಿಸಬಹುದು. ಆಗ ಸಿವಿಲ್ ಕೋರ್ಟೇ ಗತಿ. ಇಡೀ ಪ್ರಕ್ರಿಯೆಗೆ ಇರೋದು 180 ದಿನ, ಎಳೆದರೆ 330, ಹಾಗಾಗಿ ಅರ್ಜಿ ತಡ ಮಾಡಬೇಡಿ. ಕರೆಂಟ್ ಕತ್ತರಿಸೋದು, ರಾತ್ರೋರಾತ್ರಿ ಬೀಗ ಹಾಕೋದು ಬೇಡವೇ ಬೇಡ. ಸ್ಟೇ ತರೋಕೆ ಅವರಿಗೆ ಅಷ್ಟೇ ಸಾಕು.

ಹಾವೇರಿಯಿಂದ: ಉಳ್ಳಾಗಡ್ಡಿಯವರ ಜೊತೆ ಮೊದಲು ಮಾತಾಡ್ರಿ ಅಣ್ಣಾ. ಪಾಪ, ಅವರು ವಾಚ್‌ಮನ್‌ಗೋ ಯಾರಿಗೋ ದುಡ್ಡು ಕೊಟ್ಟಿರುತ್ತಾರೆ. ಮಾಲು ಕೊಳೆತರೆ ನಷ್ಟ ನಿಮ್ಮ ತಲೆಗೆ ಕಟ್ಟುತ್ತಾರೆ. ಪಂಚನಾಮೆ, ವಿಡಿಯೋ ಮಾಡಿಸಿ, ಒಂದು ತಾರೀಕಿನೊಳಗೆ ಎತ್ತುತ್ತೇವೆ ಅಂತ ಬರೆಸಿಕೊಳ್ಳಿ. ಬಾಡಿಗೆ ಅಂತ ದುಡ್ಡು ಕೊಟ್ಟರೆ ಮಾತ್ರ ತಗೋಬೇಡಿ, ಆಮೇಲೆ ಬಾಡಿಗೆದಾರ ಅಂತ ಕೂತುಬಿಡುತ್ತಾರೆ. ಚೀಲ ಖಾಲಿಯಾದ ದಿನವೇ ಹೊಸ ಬೀಗ, ಹೊಸ ವಾಚ್‌ಮನ್.