ಚೀನಾದ ಶಾಲೆಯಲ್ಲಿ ಟೀಚರ್ ಕೆಲಸ: ಅಲ್ಲಿ ಇದ್ದವರು ಯಾರಾದರೂ ಹೇಳ್ತೀರಾ?

ಬದಿಯಡ್ಕ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಗಣಿತದಲ್ಲಿ ಎಂಎಸ್ಸಿ, ಬಿಎಡ್ ಆಗಿದೆ. ಈಗ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಹೈಸ್ಕೂಲಿಗೆ ಪಾಠ ಮಾಡುತ್ತಿದ್ದೇನೆ. ಸಂಬಳ ಬಸ್ಸಿಗೂ ಚಪ್ಪಲಿಗೂ ಸರಿಹೋಗುತ್ತದೆ. ಸರಕಾರಿ ಕನ್ನಡ ಮೀಡಿಯಂ ಪೋಸ್ಟಿಗೆ ಕೇರಳದ ಪಿಎಸ್‌ಸಿ ಪರೀಕ್ಷೆ ಬರೆದು ಕಾಯುತ್ತಾ ಕೂತರೆ ತಲೆ ನರೆಯುವುದು ಗ್ಯಾರಂಟಿ.

ಒಬ್ಬ ಏಜೆಂಟ್ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಚೀನಾದಲ್ಲಿ ಇಂಗ್ಲಿಷ್ ಕಲಿಸುವ ಕೆಲಸವಂತೆ. ಸದ್ಯಕ್ಕೆ ಎಂ ವೀಸಾದಲ್ಲಿ ಹೋಗುವುದು, ಅಲ್ಲಿ ಮುಟ್ಟಿದ ಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸುವುದು ಅನ್ನುತ್ತಾನೆ. ಇದು ಆಗುವ ಮಾತಾ?

ಅಮ್ಮನಿಗೆ ಚೀನಾ ಅಂದರೆ ಹೆದರಿಕೆ. 2020ರಲ್ಲಿ ದೇಶದ ಮೂರನೇ ಕೊರೋನಾ ಕೇಸು ನಮ್ಮ ಕಾಞಂಗಾಡಿನಲ್ಲೇ ಬಂದದ್ದಲ್ವಾ, ವುಹಾನಿನಿಂದ ಬಂದವರಲ್ಲಿ. ಅದನ್ನು ಅವರು ಇನ್ನೂ ಮರೆತಿಲ್ಲ. ನಾವು ಸಸ್ಯಾಹಾರಿಗಳು ಬೇರೆ. ಅಲ್ಲಿ ದಿನ ಹೇಗೆ ಕಳೆಯುತ್ತದೆ, ಶಾಲೆ ಹೇಗೆ, ಊಟ ಹೇಗೆ? ಗೊತ್ತಿದ್ದವರು ಹೇಳಿ.

ಉಪ್ಪಳದ ಹುಡುಗ:

ಅಕ್ಕಾ, ಸುಮ್ನೆ ಗಲ್ಫಿಗೆ ಹೋಗಿ. ಅಲ್ಲಾದರೆ ಬೀದಿಗೊಬ್ಬ ಕಾಸರಗೋಡಿನವನು ಸಿಗುತ್ತಾನೆ, ಕುಚ್ಚಿಲಕ್ಕಿ ಅನ್ನವೂ ಸಿಗುತ್ತದೆ. ಚೀನಾದಲ್ಲಿ ಯಾರಿದ್ದಾರೆ ನಮ್ಮವರು?

ಪೆರ್ಲದ ಮಾಷ್ಟ್ರು:

ನಾನಿದ್ದೇನಲ್ಲ ಮಾರಾಯ. ಹುನಾನ್ ಪ್ರಾಂತ್ಯದ ಚಾಂಗ್‌ಶಾದಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ.

ಟೀಚರೇ, ಮೊದಲು ಆ ಏಜೆಂಟನ ಫೋನ್ ಎತ್ತುವುದನ್ನು ನಿಲ್ಲಿಸಿ. ಎಂ ವೀಸಾ ಇರುವುದು ವ್ಯಾಪಾರಕ್ಕೆ ಹೋಗುವವರಿಗೆ. ಅದರಲ್ಲಿ ಹೋಗಿ ಕ್ಲಾಸ್ ತೆಗೆದುಕೊಂಡು ಸಿಕ್ಕಿಬಿದ್ದರೆ ದಂಡ ಹಾಕಿ ಊರಿಗೆ ಕಳಿಸುತ್ತಾರೆ. ಏಜೆಂಟನಿಗೆ ಏನೂ ಆಗುವುದಿಲ್ಲ. ಕೆಲಸಕ್ಕೆ ಬೇಕಾದದ್ದು ಝಡ್ ವೀಸಾ. ಶಾಲೆಯವರೇ ಅಲ್ಲಿನ ಸರಕಾರದಿಂದ ವರ್ಕ್ ಪರ್ಮಿಟ್‌ನ ಒಪ್ಪಿಗೆ ಪತ್ರ ತೆಗೆದು ನಿಮಗೆ ಕಳಿಸಬೇಕು. ಅದು ಕೈಗೆ ಬಂದ ಮೇಲೆ ನೀವು ವೀಸಾಕ್ಕೆ ಹಾಕುವುದು. ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಶನ್, ಪೊಲೀಸ್ ಕ್ಲಿಯರೆನ್ಸ್, ಅನುಭವದ ಪತ್ರ ಇಷ್ಟನ್ನು ಈಗಲೇ ಮಾಡಿಸಲು ಶುರು ಮಾಡಿ. ಅನುಭವದ ಪತ್ರದಲ್ಲಿ ತಾರೀಕು ಸರಿಯಾಗಿ ಇರಲಿ.

ಇಂಗ್ಲಿಷ್ ಕಲಿಸುವ ಆಸೆ ಬಿಡಿ. ಅದಕ್ಕೆ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶದ ಪಾಸ್‌ಪೋರ್ಟ್ ಕೇಳುತ್ತಾರೆ. ನಾವು ಎಷ್ಟು ಚೆನ್ನಾಗಿ ಮಾತಾಡಿದರೂ ಅಷ್ಟೇ. ಅದೂ ಅಲ್ಲದೆ 2021ರ ಜುಲೈಯಲ್ಲಿ ಸರಕಾರ ಟ್ಯೂಷನ್ ಸೆಂಟರ್‌ಗಳ ಮೇಲೆ ಕಟ್ಟುನಿಟ್ಟು ತಂದಿತು. ಎಷ್ಟೋ ಸೆಂಟರುಗಳು ಬಾಗಿಲು ಹಾಕಿದವು. ಆದರೆ ನಿಮ್ಮ ಕೈಯಲ್ಲಿ ಗಣಿತ ಇದೆ, ಅದಕ್ಕೆ ಬೆಲೆ ಇದೆ. ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಎ ಲೆವೆಲ್ (ನಮ್ಮ ಪ್ಲಸ್ ಟೂ ಹಾಗಿನ ಬ್ರಿಟಿಷ್ ಕೋರ್ಸ್) ಗಣಿತವನ್ನು ಇಂಗ್ಲಿಷಿನಲ್ಲೇ ಕಲಿಸುವ ಶಾಲೆಗಳಿವೆ. ಅಂಥವನ್ನು ಹುಡುಕಿ.

ಇಳಿದ ಕೂಡಲೇ ಇರುವ ಕೆಲಸ: ಬಾಡಿಗೆ ಮನೆಗೆ ಹೋದರೆ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಮೆಡಿಕಲ್ ಟೆಸ್ಟ್ ಆಗಬೇಕು. 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಶಾಲೆಯಿಂದ ಒಬ್ಬರು ಜೊತೆಗೆ ಬರುತ್ತಾರೆ, ಹೆದರಬೇಡಿ.

ಇನ್ನು ಫೋನಿನ ಕಥೆ. ಅಲ್ಲಿ ಫೋನಿಲ್ಲದಿದ್ದರೆ ಸೊಪ್ಪು ಕೂಡ ಸಿಗುವುದಿಲ್ಲ ಅನ್ನಿ. ನಮ್ಮ ಓಣಿಯಲ್ಲಿ ಸೊಪ್ಪು ಮಾರುವ ಅಜ್ಜಿ ಕ್ಯೂಆರ್ ಕೋಡನ್ನು ಬುಟ್ಟಿಗೇ ಕಟ್ಟಿದ್ದಾರೆ. ನೋಟು ಕೊಟ್ಟರೆ ಬೇಡ ಅನ್ನುವುದಿಲ್ಲ, ಆದರೆ ಚಿಲ್ಲರೆ ಹುಡುಕಲು ಪಕ್ಕದ ಅಂಗಡಿಗೆ ಹೋಗಬೇಕು, ಅಷ್ಟರಲ್ಲಿ ನಮ್ಮ ಹಿಂದೆ ಸಾಲು ಬೆಳೆದಿರುತ್ತದೆ. ದುಡ್ಡು ಕೊಡಲು ಅಲ್ಲಿ ಬಳಸುವ ಆ್ಯಪ್‌ಗಳು ಅಲಿಪೇ, ವೀಚಾಟ್; ಎರಡಕ್ಕೂ 2023ರಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡು ಜೋಡಿಸುವುದು ಸುಲಭವಾಗಿದೆ. 200 ಯುವಾನಿನೊಳಗಿನ ಪಾವತಿಗೆ ಶುಲ್ಕ ಇಲ್ಲ, ಮೇಲಾದರೆ ನೂರಕ್ಕೆ ಮೂರು ಹಿಡಿಯುತ್ತಾರೆ. ಅಲ್ಲಿನ ಬ್ಯಾಂಕ್ ಖಾತೆ ಆಗುವವರೆಗೆ ಇದೇ ಗತಿ.

ಊರಿಗೆ ಮಾತಾಡುವುದು ಇನ್ನೊಂದು ತಲೆನೋವು. ವಾಟ್ಸ್ಆ್ಯಪ್ ಚೀನಾದಲ್ಲಿ ಬಂದ್. ಅವರು ಮಾತಾಡಲೂ ಬಳಸುವ ವೀಚಾಟ್ 2020ರ ಜೂನಿನಿಂದ ಭಾರತದಲ್ಲಿ ಬಂದ್. ಬೇಲಿಯ ಆಚೆ ಈಚೆಯ ಎರಡು ಮನೆಯವರು ಮಾತು ಬಿಟ್ಟು, ಮಧ್ಯೆ ಕೆಲಸದಾಳು ಒದ್ದಾಡಿದ ಹಾಗಾಗಿದೆ ನಮ್ಮ ಪಾಡು. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿ ತನ್ನಿ. ಅದರ ಡೇಟಾದಲ್ಲಿ ವಾಟ್ಸ್ಆ್ಯಪ್ ತೆರೆಯುತ್ತದೆ. ದುಬಾರಿ, ಆದ್ದರಿಂದ ವಿಡಿಯೋ ಕಾಲ್ ಭಾನುವಾರಕ್ಕೆ ಮಾತ್ರ ಅಂತ ಅಮ್ಮನಿಗೆ ಮೊದಲೇ ಹೇಳಿ. ಚೀನಾದ ಗಡಿಯಾರ ಊರಿನದ್ದಕ್ಕಿಂತ ಎರಡೂವರೆ ಗಂಟೆ ಮುಂದೆ ಇದೆ ಅನ್ನುವುದನ್ನೂ ಹೇಳಿಡಿ. ನನ್ನ ಅಮ್ಮ ರಾತ್ರಿ ಹತ್ತಕ್ಕೆ ನೆನಪಾಗಿ ಫೋನ್ ಮಾಡುತ್ತಾರೆ.

ಶಾಲೆ ಬಗ್ಗೆ ಕೇಳಿದಿರಿ. ಮಕ್ಕಳು ಒಳ್ಳೆಯವರು, ಲೆಕ್ಕದಲ್ಲಿ ಗಟ್ಟಿ. ಕೈ ಎತ್ತಿ ಪ್ರಶ್ನೆ ಕೇಳುವುದು ಮಾತ್ರ ಕಮ್ಮಿ. ಬೆಲ್ ಹೊಡೆದ ಮೇಲೆ ಒಬ್ಬೊಬ್ಬರೇ ಮೇಜಿನ ಹತ್ತಿರ ಬಂದು ಗುಟ್ಟಿನಲ್ಲಿ ಕೇಳುತ್ತಾರೆ. ದಿನಾ ಒಂದು ಹೊತ್ತಿಗೆ ಸ್ಪೀಕರಿನಲ್ಲಿ ಸಂಗೀತ ಬರುತ್ತದೆ, ಇಡೀ ಕ್ಲಾಸು ಕಣ್ಣು ಮುಚ್ಚಿ, ಲೆಕ್ಕಕ್ಕೆ ಸರಿಯಾಗಿ ಹುಬ್ಬಿನ ಬುಡ, ಮೂಗಿನ ಪಕ್ಕ ಬೆರಳಿನಿಂದ ಒತ್ತಿಕೊಳ್ಳುತ್ತದೆ. ಕಣ್ಣಿನ ವ್ಯಾಯಾಮ. 1963ರಿಂದ ನಡೆದುಬಂದದ್ದು. ಅದರಿಂದ ಕನ್ನಡಕ ಕಮ್ಮಿಯಾದದ್ದು ನನಗಂತೂ ಕಾಣಿಸಿಲ್ಲ, ನನ್ನ ಕ್ಲಾಸಿನಲ್ಲಿ ಕನ್ನಡಕ ಇಲ್ಲದವರನ್ನು ಹುಡುಕಬೇಕು.

ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಮಲಗುತ್ತಾರೆ. ಮಕ್ಕಳು ಡೆಸ್ಕಿನ ಮೇಲೆ ಪುಟ್ಟ ದಿಂಬು ಇಟ್ಟು, ಟೀಚರುಗಳು ಸ್ಟಾಫ್ ರೂಮಿನಲ್ಲಿ ಮಡಚುವ ಕುರ್ಚಿ ಬಿಡಿಸಿ. ಪರದೆ ಎಳೆದು ಲೈಟ್ ಆರಿಸುತ್ತಾರೆ. ಆ ಹೊತ್ತಿನಲ್ಲಿ ಪೇಪರ್ ತಿದ್ದುತ್ತೇನೆ ಅಂದರೆ ಪುಟ ತಿರುಗಿಸಿದ ಸದ್ದಿಗೂ ಯಾರಾದರೂ ತಲೆ ಎತ್ತಿ ನೋಡುತ್ತಾರೆ.

ರಜೆಯ ಲೆಕ್ಕ ನಮಗೆ ಹೊಸತು. ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ಉದ್ದ ರಜೆ ಕೊಡುತ್ತಾರೆ, ಆದರೆ ಅದರಲ್ಲಿ ಸ್ವಲ್ಪವನ್ನು ಹಿಂದೆ ಮುಂದಿನ ಶನಿವಾರ, ಭಾನುವಾರ ಕೆಲಸ ಮಾಡಿಸಿ ವಸೂಲು ಮಾಡುತ್ತಾರೆ. ಸರಕಾರದ ಪಟ್ಟಿ ಮೊದಲೇ ಬಂದಿರುತ್ತದೆ. ಭಾನುವಾರ ಯಾವ ದಿನದ ಟೈಮ್‌ಟೇಬಲ್ ನಡೆಯುತ್ತದೆ ಅನ್ನುವುದು ಮಾತ್ರ ಶನಿವಾರ ರಾತ್ರಿ ಗ್ರೂಪಿನಲ್ಲಿ ಬರುತ್ತದೆ.

ಚಳಿಗೆ ತಯಾರಾಗಿ ಬನ್ನಿ. ಉತ್ತರದ ಊರುಗಳಲ್ಲಿ ಚಳಿಗಾಲಕ್ಕೆ ಸರಕಾರವೇ ಮನೆಮನೆಗೆ ಬಿಸಿ ಪೈಪು ಕೊಡುತ್ತದೆ. ಹ್ವಾಯ್ ನದಿಯಿಂದ ತೆಂಕಕ್ಕೆ ಆ ವ್ಯವಸ್ಥೆ ಇಲ್ಲ. ಚಾಂಗ್‌ಶಾ ಇರುವುದು ತೆಂಕಿನಲ್ಲಿ. ಜನವರಿಯಲ್ಲಿ ಐದು ಡಿಗ್ರಿ ಆಸುಪಾಸು, ಜೊತೆಗೆ ಜಿಟಿಜಿಟಿ ಮಳೆ. ಅದರಲ್ಲೂ ಗಾಳಿ ಬರಲಿ ಅಂತ ಕಿಟಕಿ ತೆರೆದಿಡುತ್ತಾರೆ! ಕೋಟು ಹಾಕಿಕೊಂಡೇ ಬೋರ್ಡಿನಲ್ಲಿ ಬರೆಯುವುದು. ಎಲ್ಲಿ ಹೋದರೂ ಬಿಸಿನೀರು ಸಿಗುತ್ತದೆ, ರೈಲಿನಲ್ಲೂ ನಲ್ಲಿ ಇದೆ. ತಣ್ಣೀರು ಕೇಳುವ ಅಮೆರಿಕದ ಮಾಷ್ಟ್ರುಗಳು ಗೊಣಗುತ್ತಾರೆ. ಕುದಿಸಿದ ನೀರು ಕುಡಿದೇ ಬೆಳೆದ ನಮಗೇನೂ ತೊಂದರೆ ಇಲ್ಲ.

ಈಗ ನಮ್ಮೂರಿನವರಿಗೇ ಹೇಳಬೇಕಾದ ವಿಷಯ. ಹುನಾನಿನವರು ಅಡಕೆ ತಿನ್ನುತ್ತಾರೆ. ಹೌದು, ಅಡಕೆ! ಚಾಂಗ್‌ಶಾದ ಪಕ್ಕದ ಶ್ಯಾಂಗ್‌ಥಾನ್ ಅದಕ್ಕೇ ಹೆಸರಾದ ಊರು. ಎಲ್ಲ ಅಂಗಡಿಯಲ್ಲೂ ಮಿರಿಮಿರಿ ಪ್ಯಾಕೆಟ್ ತೂಗುತ್ತಿರುತ್ತದೆ. ನಮ್ಮ ಶಾಲೆಯ ಡ್ರೈವರ್ ಒಮ್ಮೆ ಒಂದು ಪ್ಯಾಕೆಟ್ ಒಡೆದು ನನ್ನ ಕೈಗಿಟ್ಟರು. ನೋಡಿದರೆ ಒಳಗೆ ಅಡಕೆಯೇ ಇಲ್ಲ, ಇರುವುದು ಸಿಪ್ಪೆ! ಹೈನಾನ್ ದ್ವೀಪದಿಂದ ಎಳೆಯ ಕಾಯಿ ತರಿಸಿ, ಬೇಯಿಸಿ, ಒಣಗಿಸಿ, ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ತೆಗೆದುಹಾಕುತ್ತಾರೆ. ಉಳಿದ ಸಿಪ್ಪೆಗೆ ಸಿಹಿ ಪಾಕ ಸವರುತ್ತಾರೆ. ಕಪ್ಪಗೆ, ಅಂಟಂಟಾಗಿ, ಪುಟ್ಟ ದೋಣಿಯ ಆಕಾರ. ಎಲೆ ಇಲ್ಲ, ಹೊಗೆಸೊಪ್ಪೂ ಇಲ್ಲ. ಬಾಯಿಗೆ ಹಾಕಿದೆ. ಮೊದಲು ಸಿಹಿ, ಆಮೇಲೆ ಪುದೀನದಂಥ ಖಾರ, ಆಮೇಲೆ ಎದೆ ಬಿಗಿಯಾಗಿ ಕಿವಿ ಬಿಸಿ. ಬರೀ ನಾರು, ಎಷ್ಟು ಜಗಿದರೂ ಮುಗಿಯುವುದಿಲ್ಲ. ನಾವು ಬಚ್ಚಲ ಒಲೆಗೆ ಹಾಕುವುದನ್ನು ಅವರು ದುಡ್ಡು ಕೊಟ್ಟು ಜಗಿಯುತ್ತಾರೆ, ನಾವು ಸೊಸೈಟಿಗೆ ಕೊಡುವುದನ್ನು ಅವರು ಬಿಸಾಡುತ್ತಾರೆ. ಬಾಯಿ ಕ್ಯಾನ್ಸರಿನ ಕಾರಣಕ್ಕೆ ದೊಡ್ಡ ಚರ್ಚೆಯಾಗಿ, 2021ರ ಸೆಪ್ಟೆಂಬರಿನಲ್ಲಿ ಟಿವಿ, ರೇಡಿಯೋದಲ್ಲಿ ಅದರ ಜಾಹೀರಾತು ನಿಲ್ಲಿಸಿದರು. ತಿನ್ನುವವರು ತಿನ್ನುತ್ತಲೇ ಇದ್ದಾರೆ.

ಊಟದ ವಿಷಯ ಯಾರಾದರೂ ಸಸ್ಯಾಹಾರಿಗಳೇ ಹೇಳಲಿ. ನಾನು ಮೀನು ತಿನ್ನುವವನು.

ಬದಿಯಡ್ಕ ಟೀಚರ್:

ಮಾಷ್ಟ್ರೇ, ತುಂಬಾ ಉಪಕಾರ ಆಯಿತು. ಏಜೆಂಟನ ನಂಬರ್ ಬ್ಲಾಕ್ ಮಾಡಿದೆ. ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ನನ್ನ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ, "ಆ ಸಿಪ್ಪೆಗೆ ಕಿಲೋಗೆ ಎಷ್ಟಂತೆ ಕೇಳು" ಅನ್ನುತ್ತಿದ್ದಾರೆ.

ಪೆರ್ಲದ ಮಾಷ್ಟ್ರು:

ನಮ್ಮ ಹಣ್ಣಡಕೆಯ ಸಿಪ್ಪೆ ಅವರಿಗೆ ಆಗದು ಅಂತ ಹೇಳಿ, ಅವರಿಗೆ ಎಳೆಯದೇ ಬೇಕು. ನಿಮ್ಮ ತೋಟದಲ್ಲಿ ಮಂಗಳ ತಳಿ ಇದ್ದರೆ ಅಪ್ಪನಿಗೆ ಇನ್ನೊಂದು ಮಾತು ಹೇಳಿ: ಅದರ ಮೂಲ ಚೀನಾ. ಅಲ್ಲಿಂದ ತಂದ ಗಿಡಗಳಿಂದ ಆರಿಸಿ ನಮ್ಮ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು 1972ರಲ್ಲಿ ಬಿಡುಗಡೆ ಮಾಡಿದ್ದು. ಅಮ್ಮನ ಹೆದರಿಕೆಗೂ ಇದು ಔಷಧಿ ಆಗಬಹುದು.

ಕುನ್ಮಿಂಗ್ ಯೋಗ:

ಟೀಚರ್, ನಾನು ಮಂಜೇಶ್ವರದವಳು, ಚೀನಾದ ಯುನ್ನಾನ್ ಪ್ರಾಂತ್ಯದ ಕುನ್ಮಿಂಗಿನಲ್ಲಿ ಯೋಗ ಕಲಿಸುತ್ತೇನೆ. ಇಲ್ಲಿ ಯೋಗಕ್ಕೆ ಬೇಡಿಕೆ ಇದೆ. 2015ರಲ್ಲಿ ಇಲ್ಲಿನ ಯುನ್ನಾನ್ ಮಿನ್‌ಜು ವಿಶ್ವವಿದ್ಯಾಲಯದಲ್ಲಿ ಭಾರತ–ಚೀನಾ ಯೋಗ ಕಾಲೇಜೇ ಶುರುವಾಯಿತು.

ಸಸ್ಯಾಹಾರಿ ಅಂದರೆ ಇಲ್ಲಿ ಬಹಳ ಮಂದಿಗೆ ಅರ್ಥವಾಗುವುದು ಮಾಂಸದ ತುಂಡು ಇಲ್ಲ ಅಂತ ಮಾತ್ರ. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿದು, ಮೇಲೆ ಮಾಂಸದ ಸಾರು ಹೊಯ್ದು ನಗುನಗುತ್ತಾ ತಂದಿಡುತ್ತಾರೆ. ಮಾಂಸ ಬೇಡ, ಹಂದಿ ಕೊಬ್ಬು ಬೇಡ, ಮಾಂಸದ ಸಾರು ಬೇಡ, ಸೀಗಡಿ ಪುಡಿ ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿದ ಚೀಟಿ ಫೋನಿನಲ್ಲಿ ಇಟ್ಟುಕೊಳ್ಳಿ. ಬೌದ್ಧ ದೇವಸ್ಥಾನದ ಊಟದ ಹಾಲ್ ಎಲ್ಲಿದೆ ನೋಡಿಡಿ, ಅಲ್ಲಿ ಕಣ್ಣು ಮುಚ್ಚಿ ತಿನ್ನಬಹುದು. ಮನೆಯಲ್ಲಿ ಅಡುಗೆ ಮಾಡಿಕೊಂಡರೆ ಚಿಂತೆಯೇ ಇಲ್ಲ. ಬಸಳೆ ಸಿಗುತ್ತದೆ, ಸೋರೆ, ಹೀರೆ, ಹಾಗಲ ಎಲ್ಲ ಇದೆ. ತೆಂಗಿನೆಣ್ಣೆ, ಸಾಂಬಾರು ಪುಡಿ, ಇಂಗು ಊರಿಂದ ತನ್ನಿ. ಹಣ್ಣು, ತರಕಾರಿ, ಹಾಲಿನ ಪದಾರ್ಥ ತರಬೇಡಿ, ಕಸ್ಟಮ್ಸಿನವರು ತೆಗೆದುಹಾಕುತ್ತಾರೆ.

ಅಮ್ಮ ಕೇಳಿಯೇ ಕೇಳುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ರಾತ್ರಿ ಹತ್ತು ಗಂಟೆಗೆ ಕ್ಲಾಸ್ ಮುಗಿಸಿ ಒಬ್ಬಳೇ ನಡೆದು ಮನೆಗೆ ಹೋಗುತ್ತೇನೆ. ಮಂಗಳೂರಿನಲ್ಲೂ ನನಗೆ ಅಷ್ಟು ಧೈರ್ಯ ಇರಲಿಲ್ಲ. ಸಂಜೆ ಮೈದಾನದಲ್ಲಿ ಅಜ್ಜಿಯರು ಸ್ಪೀಕರ್ ಇಟ್ಟು ಸಾಲಾಗಿ ಕುಣಿಯುತ್ತಾರೆ. ಹಿಂದಿನ ಸಾಲಿನಲ್ಲಿ ನಿಂತರೆ ಯಾರೂ ಬೇಡ ಅನ್ನುವುದಿಲ್ಲ. ನಾನು ಚೂರುಪಾರು ಚೀನೀ ಕಲಿತದ್ದು ಅಲ್ಲೇ. ಬೇಸರ ಬರುವುದು ಬೇರೆ ವಿಷಯಕ್ಕೆ. ಕನ್ನಡವೋ ತುಳುವೋ ಬಾಯಿಬಿಟ್ಟು ಮಾತಾಡಲು ಜನ ಇಲ್ಲ.

ಉಪ್ಪಳದ ಹುಡುಗ:

ಸರಿ ಸರಿ, ಗಲ್ಫ್ ಅಂದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೂ ಆ ಸಿಪ್ಪೆಯ ಪ್ಯಾಕೆಟ್ ಒಂದು ತನ್ನಿ ಮಾಷ್ಟ್ರೇ.

ಪೆರ್ಲದ ಮಾಷ್ಟ್ರು:

ಬೇಡ ಮಾರಾಯ, ನಿನ್ನ ಹಲ್ಲು ಉಳಿಯಲಿ.

ಟೀಚರೇ, ಕೊನೆಗೆ ಎರಡು ಮಾತು. ಶಾಲೆ ಸಿಕ್ಕಿದರೆ ಕರಾರು ಪತ್ರ ಎರಡು ಭಾಷೆಯಲ್ಲಿ ಬರುತ್ತದೆ. ಜಗಳ ಬಂದರೆ ಸಾಮಾನ್ಯವಾಗಿ ನಡೆಯುವುದು ಚೀನೀ ಪ್ರತಿ. ಅದನ್ನು ಬಲ್ಲವರಿಂದ ಓದಿಸದೆ ಸಹಿ ಹಾಕಬೇಡಿ. ಬೇಸಿಗೆ ರಜೆಯಲ್ಲಿ ಸಂಬಳ ಉಂಟಾ, ವಿಮಾನದ ಟಿಕೆಟ್ ಯಾರದ್ದು, ವಾರಕ್ಕೆ ಎಷ್ಟು ಪೀರಿಯಡ್, ರಾತ್ರಿಯ ಸ್ಟಡಿ ಡ್ಯೂಟಿ ಅದರಲ್ಲಿ ಸೇರಿದೆಯಾ, ಇಷ್ಟನ್ನು ಬಾಯಿಮಾತಿಗೆ ಬಿಡಬೇಡಿ. ಪ್ರಯಾಣ ಈಗ ಸುಲಭ. 2025ರ ಅಕ್ಟೋಬರಿನಿಂದ ಕೋಲ್ಕತ್ತಾ–ಗ್ವಾಂಗ್‌ಝೌ ನೇರ ವಿಮಾನ ಮತ್ತೆ ಶುರುವಾಗಿದೆ. ಅಲ್ಲಿಂದ ಚಾಂಗ್‌ಶಾಕ್ಕೆ ಸುಮಾರು 700 ಕಿಲೋಮೀಟರ್, ವೇಗದ ರೈಲಿನಲ್ಲಿ ಮೂರು ಗಂಟೆಯೊಳಗೆ ಮುಟ್ಟುತ್ತೀರಿ. ಪಾಸ್‌ಪೋರ್ಟೇ ಟಿಕೆಟ್, ಕೈಯಲ್ಲೇ ಹಿಡಿದಿರಿ. ಕರಾರು ಬಂದ ದಿನ ಇಲ್ಲೇ ಮೆಸೇಜ್ ಹಾಕಿ, ನನ್ನ ಸ್ಟಾಫ್ ರೂಮಿನವರಲ್ಲಿ ಓದಿಸಿಕೊಡುತ್ತೇನೆ. ಮಧ್ಯಾಹ್ನ ಒಂದು ಬಿಟ್ಟು ಬೇರೆ ಯಾವ ಹೊತ್ತಾದರೂ ಆದೀತು.