ವೀಡ್ ಕಟರ್‌ಗೆ 2ಟಿ ಆಯಿಲ್: ಔನ್ಸ್, ಗ್ಯಾಲನ್ ಲೆಕ್ಕ ತಾಳೆ ಆಗುತ್ತಿಲ್ಲ

ಅಡಿಕೆತೋಟ:
ನಮ್ಮದು ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ವೀಡ್ ಕಟರ್ (ಕಳೆ ಕತ್ತರಿಸುವ ಮಿಷನ್). ಟ್ಯಾಂಕಿನ ಮೇಲೆ 50:1 ಅಂತ ಇದೆ, ಅಂದ್ರೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. ಅಮೆರಿಕದವರೊಬ್ಬರ ವಿಡಿಯೋದಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ 2.6 ಔನ್ಸ್ ಆಯಿಲ್ ಹಾಕಿ ಅನ್ನುತ್ತಾರೆ. ಔನ್ಸಿಗೆ 28 ಎಂಎಲ್, ಗ್ಯಾಲನ್‌ಗೆ ನಾಲ್ಕೂವರೆ ಲೀಟರ್ ಹಿಡಿದರೆ ಲೀಟರಿಗೆ 16 ಎಂಎಲ್ ಬರುತ್ತದೆ, ಹಾಗೇ ಹಾಕುತ್ತಿದ್ದೇನೆ. 50:1 ಅಂದ್ರೆ 20 ಇರಬೇಕು ಅಲ್ವಾ? ಮಿಷನ್ ಬೇರೆ ಅರ್ಧ ಗಂಟೆ ಓಡಿದ ಮೇಲೆ ಕಾದು ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ.

ಗ್ಯಾರೇಜ್‌ಕಟ್ಟೆ:
20 ಹಾಕಿ. ನೀವು ಹಿಡಿದಿದ್ದು ಬ್ರಿಟಿಷ್ ಅಳತೆ. ನಮ್ಮ ಹಳಬರು ಗ್ಯಾಲನ್ ಅಂದ್ರೆ ನಾಲ್ಕೂವರೆ ಲೀಟರ್ ಅನ್ನುವುದು ಅದನ್ನೇ, ಸರಿಯಾಗಿ 4.546. ಅಮೆರಿಕದ ಗ್ಯಾಲನ್ 3.785 ಲೀಟರ್ ಅಷ್ಟೇ. ಅದರಲ್ಲಿ 128 ಔನ್ಸ್, ಬ್ರಿಟಿಷರದ್ದರಲ್ಲಿ 160. ಔನ್ಸ್ ಮಾತ್ರ ಅಮೆರಿಕದ್ದೇ ಸ್ವಲ್ಪ ದೊಡ್ಡದು, 29.57 ಎಂಎಲ್. ಹಾಗಾಗಿ 2.6 ಔನ್ಸ್ ಅಂದ್ರೆ ಸುಮಾರು 77 ಎಂಎಲ್, ಅದನ್ನು 3.785ರಿಂದ ಭಾಗಿಸಿದರೆ ಲೀಟರಿಗೆ 20 ಚಿಲ್ಲರೆ, ತಾಳೆ ಆಯ್ತು. ಬ್ರಿಟಿಷ್ ಗ್ಯಾಲನ್ ಆಗಿದ್ದರೆ ಅವರು 3.2 ಔನ್ಸ್ ಅನ್ನುತ್ತಿದ್ದರು. ಸುಮ್ನೆ ಔನ್ಸಿನ ಗೊಡವೆಗೇ ಹೋಗಬೇಡಿ, ಲೀಟರಿನ ಸಾವಿರ ಎಂಎಲ್ ಅನ್ನು 50ರಿಂದ ಭಾಗಿಸಿ. 25:1ರ ಮಿಷನ್ ಆದರೆ 40.

16 ಹಾಕಿದರೆ 60:1 ದಾಟುತ್ತದೆ, ಪಿಸ್ಟನ್‌ಗೆ ಜಿಡ್ಡು ಸಾಲುವುದಿಲ್ಲ. ಸೈಲೆನ್ಸರ್ ಬಿಚ್ಚಿ ಹೊಗೆ ಬರುವ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಬಿದ್ದಿದ್ದರೆ ಬರೀ ಆಯಿಲ್ ಸರಿಮಾಡಿ ಪ್ರಯೋಜನ ಇಲ್ಲ, ರಿಪೇರಿಗೆ ಒಯ್ಯಿರಿ.

ಹೊಳೆಬದಿ:
ಕಾಯುವುದಕ್ಕೆಲ್ಲ ಆಯಿಲ್ಲೇ ಕಾರಣ ಅನ್ನಬೇಡಿ. ಸಿಲಿಂಡರ್ ಸುತ್ತ ಇರುವ ರೆಕ್ಕೆಗಳ ಸಂದಿಗೆ ಹುಲ್ಲು ಮೆತ್ತಿಕೊಂಡರೂ ಹೀಗೇ ಆಗುತ್ತದೆ. ಇನ್ನೊಂದು, ತಕ್ಕಡಿಯಲ್ಲಿ ಔನ್ಸ್ ತೂಗಲು ಹೋಗಬೇಡಿ. 28 ಗ್ರಾಮಿನದು ತೂಕದ ಔನ್ಸ್, ಆಯಿಲ್ ನೀರಿಗಿಂತ ಹಗುರ, ಲೆಕ್ಕ ಮತ್ತೆ ತಪ್ಪುತ್ತದೆ. ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜ್ ಸಾಕು.

ಅಡಿಕೆತೋಟ:
ರೆಕ್ಕೆ ಸಂದಿಯಲ್ಲಿ ಒಣ ಹುಲ್ಲು ಗಟ್ಟಿಯಾಗಿ ಕೂತಿತ್ತು, ಕೆರೆದು ತೆಗೆದೆ. ಪಿಸ್ಟನ್ ನುಣ್ಣಗಿದೆ, ಪುಣ್ಯ. 5 ಲೀಟರ್ ಕ್ಯಾನಿಗೆ 100 ಎಂಎಲ್ ತಾನೇ? ಪಕ್ಕದ ತೋಟದವರ ಮಿಷನ್‌ಗೂ ಇದನ್ನೇ ಕೊಡಬಹುದಾ?

ಗ್ಯಾರೇಜ್‌ಕಟ್ಟೆ:
100, ಹೌದು. ಅವರದ್ದು ಫೋರ್ ಸ್ಟ್ರೋಕ್ ಆದರೆ ಬೇಡ. ಅದಕ್ಕೆ ಬರೀ ಪೆಟ್ರೋಲ್, ಆಯಿಲ್ ಹಾಕುವ ಮುಚ್ಚಳ ಬೇರೆ ಇರುತ್ತದೆ.