‘ಎವಿಡೆನ್ಸ್’ಗೆ ಸಾಕ್ಷ್ಯ, ಪುರಾವೆ ಬಿಟ್ಟು ಬೇರೆ ಪದ ಇದೆಯಾ?

ಗೆಳೆಯರೇ,

ದಾವಣಗೆರೆಯಲ್ಲಿ ನರ್ಸಿಂಗ್ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಜಗಳೂರು, ಹೊಳಲ್ಕೆರೆ ಕಡೆಯಿಂದ ಬರುವವರಲ್ಲಿ ಕನ್ನಡ ಮಾಧ್ಯಮದವರು ಜಾಸ್ತಿ. ‘ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್’, ಅಂದರೆ ಬರೀ ರೂಢಿಯನ್ನು ನಂಬದೆ ಸಂಶೋಧನೆಯಲ್ಲಿ ಕಂಡದ್ದನ್ನು ನೋಡಿ ಆರೈಕೆ ಮಾಡುವುದು, ಎಂಬಲ್ಲಿ ಬರವಣಿಗೆ ನಿಂತಿದೆ.

‘ಸಾಕ್ಷ್ಯಾಧಾರಿತ ಶುಶ್ರೂಷೆ’ ಎಂದು ಬರೆದು ತೋರಿಸಿದೆ. “ಕೇಸ್ ಶೀಟಲ್ಲಿ ಎಲ್ಲಾ ಬರೆದಿಡೋದು ಅಲ್ವಾ ಮೇಡಂ?” ಎಂದಳು ಒಬ್ಬಳು. ಅವಳು ಹಾಗೆ ತಿಳಿದದ್ದು ಸಹಜವೇ. ‘ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ’ ಎಂಬ ಮಾತನ್ನು ವಾರ್ಡಿನಲ್ಲಿ ದಿನಾ ಕೇಳುತ್ತಾರೆ. ಸಾಕ್ಷ್ಯ, ಪುರಾವೆ ಎರಡಕ್ಕೂ ಕೋರ್ಟು, ಪೊಲೀಸ್ ಠಾಣೆಯ ವಾಸನೆ ಇದೆ. ಆಗಿಹೋದದ್ದನ್ನು ಸಾಬೀತು ಮಾಡುವ ಪದಗಳವು. ನನಗೆ ಮುಂದೆ ಏನು ಮಾಡಬೇಕೆಂದು ಹೇಳುವ ಪದ ಬೇಕು.

ಉದಾಹರಣೆಗೆ, ಆಪರೇಷನ್ನಿಗೆ ಮುಂಚೆ ಬ್ಲೇಡಿನಿಂದ ಕೂದಲು ಬೋಳಿಸುವುದು ಹಳೇ ರೂಢಿ. ನೋಡಲು ಚೊಕ್ಕಟ. ಆದರೆ ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬಿಡುತ್ತದೆ, ಅಲ್ಲಿ ರೋಗಾಣು ಸೇರಿಕೊಳ್ಳುತ್ತವೆ. ಬ್ಲೇಡು, ಕ್ಲಿಪ್ಪರ್ (ಕೂದಲು ಕತ್ತರಿಸುವ ಯಂತ್ರ) ಎರಡನ್ನೂ ಹೋಲಿಸಿ ನೋಡಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ‘ಬೋಳಿಸಬೇಡಿ, ತೀರಾ ಬೇಕಾದರೆ ಕ್ಲಿಪ್ಪರ್‌ನಿಂದ ಕತ್ತರಿಸಿ’ ಎಂದಿತು. ಇಂಥದ್ದಕ್ಕೆ ‘ಒರೆಗೆ ಹಚ್ಚಿದ ಆರೈಕೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಇದರಲ್ಲೂ ಒಂದು ತೊಡಕಿದೆ. 1996ರಲ್ಲಿ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ‘ಎವಿಡೆನ್ಸ್ ಬೇಸ್ಡ್’ ಎಂಬ ಮಾತನ್ನು ವಿವರಿಸಿದಾಗ ಸಂಶೋಧನೆಯ ಜೊತೆಗೆ ಆರೈಕೆ ಮಾಡುವವರ ಅನುಭವ, ರೋಗಿಯ ಇಷ್ಟ ಎರಡನ್ನೂ ಸೇರಿಸಿದ್ದರು. ನನ್ನ ಪದದಲ್ಲಿ ಸಂಶೋಧನೆ ಮಾತ್ರ ಬಂತು. ರೋಗಿ ಹೊರಗೇ ಉಳಿದರು.

ನೀತಿಯ ಪಾಠದಲ್ಲೂ ರೋಗಿಯ ಹತ್ತಿರವೇ ಕಷ್ಟ. ‘ಒಳಿತು ಮಾಡು’, ‘ಕೇಡು ಮಾಡಬೇಡ’, ‘ನ್ಯಾಯ’ ಸಲೀಸಾಗಿ ಬಂದವು. ‘ಅಟಾನಮಿ’ಗೆ, ಅಂದರೆ ತನ್ನ ಚಿಕಿತ್ಸೆಯನ್ನು ರೋಗಿಯೇ ನಿರ್ಧರಿಸುವ ಹಕ್ಕಿಗೆ, ‘ಸ್ವಾಯತ್ತತೆ’ ಎಂದರೆ ಯಾವುದೋ ಕಾಲೇಜಿನ ಸುದ್ದಿಯಂತೆ ಕೇಳುತ್ತದೆ. ಇನ್ನು ‘ಇನ್ಫಾರ್ಮ್ಡ್ ಕನ್ಸೆಂಟ್’, ಅಂದರೆ ಚಿಕಿತ್ಸೆಯ ಬಗ್ಗೆ ಎಲ್ಲ ತಿಳಿದುಕೊಂಡು ರೋಗಿ ಕೊಡುವ ಒಪ್ಪಿಗೆ. ನಮ್ಮ ಕಡೆ ಅದು ಬರೀ ‘ಇಲ್ಲೊಂದು ಸಹಿ ಮಾಡ್ರಿ’ ಆಗಿಬಿಟ್ಟಿದೆ, ಅದೂ ಎಷ್ಟೋ ಸಲ ಮಗನೋ ಅಳಿಯನೋ ಮಾಡುವ ಸಹಿ. ರೋಗ ಪತ್ತೆಯ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟಂತಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಹಾಗಾಗಿ ಬರೀ ‘ಒಪ್ಪಿಗೆ’ ಸಾಲದು. ಏನಕ್ಕೆ ಎಂದು ತಿಳಿದಿರಬೇಕು. ‘ತಿಳಿದೊಪ್ಪಿಗೆ’ ಎಂದರೆ ಕಿವಿಗೆ ಒಗ್ಗುತ್ತದಾ, ಸುಮ್ನೆ ಕಟ್ಟಿದ ಹಾಗಿದೆಯಾ?

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಬಳಗದಲ್ಲಿದ್ದರೆ, ರೋಗಿಗಳ ಹತ್ತಿರ ನೀವು ಇದಕ್ಕೆಲ್ಲ ಏನು ಹೇಳುತ್ತೀರಿ ಎಂದು ಬರೆಯಿರಿ. ನಿಘಂಟಿನ ಪದಗಳನ್ನು ಆಗಲೇ ನೋಡಿದ್ದೇನೆ.